ಏಳನೇ ನಂಬರಿನ ಚಡ್ಡಿ

ಮಗ ಆಡಿದ ಒಂದು ಪಂದ್ಯವನ್ನೂ ಸೋಪಮ್ಮ ಕಣ್ಣಾರೆ ಕಂಡವಳಲ್ಲ. ಆಟ ಹೇಗಿತ್ತು ಎಂಬುದನ್ನು ಅವಳು ಅವನ ಚಡ್ಡಿ ನೋಡಿ ಹೇಳುತ್ತಿದ್ದಳು. ನಗಬೇಡಿ. ಫುಟ್ಬಾಲ್ ಕ್ಲಬ್ಬಿನ ಗ್ಯಾಲರಿಯ ಅಡಿಯಲ್ಲಿ, ಕಿಟಕಿಯೇ ಇಲ್ಲದ ಕೋಣೆಯಲ್ಲಿ, ಗುಡುಗುಡು ಎಂದು ಒಗೆಯುವ ಮಷೀನುಗಳ ಜೊತೆ ಅರ್ಧ ಆಯುಷ್ಯ ಕಳೆದವಳಿಗೆ ಬಟ್ಟೆಯೇ ಬಾಯಿಬಿಟ್ಟು ಸುದ್ದಿ ಹೇಳುತ್ತದೆ. ಬಲತೊಡೆಯ ಮೇಲೆ ಹುಲ್ಲಿನ ಹಸಿರು ಬಳಿದಿದ್ದರೆ ಹುಡುಗ ಜಾರಿಬಿದ್ದು ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಂಡಿದ್ದಾನೆ. ಹಿಂದೆ ಕೆಸರಿದ್ದರೆ ಯಾರೋ ಕೆಡವಿದ್ದಾರೆ. ಏನೂ ಇಲ್ಲದಿದ್ದರೆ ಬೆಂಚಿನ ಮೇಲೆ ಕೂತು ಎದ್ದು ಬಂದಿದ್ದಾನೆ.

ಅವಳಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಆಟಗಾರ ಹುಡುಗರು ಸೋಪಮ್ಮ ಸೋಪಮ್ಮ ಎಂದು ಕರೆದು ಕರೆದು ಆ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ಅವಳ ಮಗನಿಗೂ ಹಾಗೆಯೇ. ಮೈದಾನದಲ್ಲಿ ಗಿರ್ರನೆ ತಿರುಗಿ ಇಬ್ಬರು ಮೂವರನ್ನು ದಾಟುತ್ತಾನೆಂದು ಜನ ಅವನನ್ನು ಬುಗುರಿ ಎನ್ನುತ್ತಿದ್ದರು. ಬುಗುರಿಯ ಬೆನ್ನಿನ ನಂಬರು ಏಳು.

ಆ ಏಳನೇ ನಂಬರಿನ ಚಡ್ಡಿ ಈಚೆಗೆ ಕೆಲವು ವಾರಗಳಿಂದ, ಅಂಗಡಿಯಿಂದ ಈಗಷ್ಟೇ ತಂದ ಹಾಗೆ, ಸ್ವಚ್ಛವಾಗಿ ಬರುತ್ತಿತ್ತು. ಬೆಂಚಿನ ಮೇಲೆ ಕೂತವನಲ್ಲ ಅವನು. ಪೂರ್ತಿ ಪಂದ್ಯ ಆಡಿದ್ದ. ಆಡಿಯೂ ಚಡ್ಡಿ ಮಡಿಯಾಗಿ ಬಂದರೆ ಅದಕ್ಕೆ ಏನರ್ಥ? ಸೋಪಮ್ಮನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಅವಳಿಗೆ ಹೆದರಿಕೆ.

ಹೆದರಿಕೆಗೆ ಇನ್ನೊಂದು ಕಾರಣ ಮೇಷ್ಟ್ರು. ತಂಡದ ಕೋಚನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೆ. ಪಂದ್ಯದ ಮರುದಿನ ಬೆಳಿಗ್ಗೆ ಅವರು ತಪ್ಪದೆ ಒಗೆಯುವ ಕೋಣೆಗೆ ಬರುತ್ತಿದ್ದರು. ಅವರು ಬಂದು ನೋಡುವ ತನಕ ಒಂದು ಬಟ್ಟೆಯನ್ನೂ ನೀರಿಗೆ ಹಾಕುವಂತಿರಲಿಲ್ಲ. ಕೊಳೆ ಬಟ್ಟೆಯ ಗುಡ್ಡೆಯ ಮುಂದೆ ನಿಂತು, ಕೊಡೆಯ ತುದಿಯಿಂದ ಒಂದೊಂದೇ ಚಡ್ಡಿ ಎತ್ತಿ ನೋಡುವರು.

"ಯಾರು ಎಷ್ಟು ಓಡಿದ ಅಂತ ಕಂಪ್ಯೂಟರ್ ಹೇಳುತ್ತೆ ಸೋಪಮ್ಮ," ಎನ್ನುವರು. "ಯಾರು ಬಿದ್ದ ಅಂತ ಹೇಳೋದು ಈ ಗುಡ್ಡೆ ಒಂದೇ."

ಈ ವರ್ಷದ ಪಂದ್ಯಗಳು ಮುಗಿಯುತ್ತಲೇ ಬುಗುರಿಯ ಒಪ್ಪಂದವೂ ಮುಗಿಯುವುದಿತ್ತು. ಮುಂದುವರಿಸಬೇಕೋ ಬೇಡವೋ ಎಂದು ಕ್ಲಬ್ಬಿನ ಆಫೀಸಿಗೆ ಹೇಳುವವರು ಇದೇ ಮೇಷ್ಟ್ರು. ಒಪ್ಪಂದ ಹೋದರೆ ಸಂಬಳ ಹೋಯಿತು. ಸಂಬಳದ ಜೊತೆ ಮನೆಯೂ ಹೋಯಿತು, ಏಕೆಂದರೆ ಅವರಿದ್ದ ಮಹಡಿ ಮನೆ ಕ್ಲಬ್ಬಿನದು. ಸೊಸೆಗೆ ಏಳು ತಿಂಗಳು ತುಂಬಿತ್ತು.

* * *

ಮನೆಯಲ್ಲಿ ಬುಗುರಿಯ ಕಾಲನ್ನು ಗಾಜಿನ ಸಾಮಾನಿನಂತೆ ನೋಡಿಕೊಳ್ಳುತ್ತಿದ್ದರು. ಚಿಕ್ಕಂದಿನಲ್ಲಿ ಶಾಲೆಯ ಕಾಂಪೌಂಡು ಹಾರಿ ಏಟು ತಿಂದವನು ಈಗ ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ಇಳಿಯುತ್ತಿದ್ದ. ಗ್ಯಾಸ್ ಸಿಲಿಂಡರು ಬಂದರೆ ಕುಂಟುಕಾಲಿನ ಅಪ್ಪ ಉರುಳಿಸಿಕೊಂಡು ಬರುವನು, ಮಗ ಮುಟ್ಟುವಂತಿಲ್ಲ. ಬಚ್ಚಲಿನ ನೆಲ ಒದ್ದೆಯಿದ್ದರೆ ಸೋಪಮ್ಮ ತಾನೇ ಬಗ್ಗಿ ಒರೆಸಿ, ಆಮೇಲೆ ಅವನನ್ನು ಒಳಗೆ ಬಿಡುವಳು. ಪಂದ್ಯಕ್ಕೆ ಹೊರಟಾಗ ಬಾಗಿಲಿನ ತನಕ ಬಂದು, "ಕಾಲು ಜೋಪಾನ ಕಣೋ," ಎನ್ನುವಳು. ಅವನು ತಲೆ ಆಡಿಸುವನು.

ದೊಡ್ಡ ಸಂಬಳ ಬಂದ ದಿನವೇ ಅವನು ತಾಯಿಗೆ ಹೇಳಿದ್ದ: "ಆ ಒಗೆಯೋ ಕೆಲಸ ಬಿಟ್ಬಿಡಮ್ಮ. ನನ್ನ ಜೊತೆಗಾರರ ಬೆವರು ನೀನು ಒಗೀತಿದ್ರೆ ನಂಗೆ ತಲೆ ಎತ್ತೋಕಾಗಲ್ಲ." ಅವನಪ್ಪ ಗೋದಾಮಿನ ಕಾವಲಿನ ಕೆಲಸವನ್ನು ಅಂದೇ ಬಿಟ್ಟು ಬಂದು ಸೋಫಾದ ಮೇಲೆ ಕಾಲು ಚಾಚಿದ. ಸೊಸೆಯ ಹೊಲಿಗೆ ಮಷೀನು ಮಂಚದಡಿ ಸೇರಿತು. ಸೋಪಮ್ಮ ಮಾತ್ರ ಬಿಡಲಿಲ್ಲ. ಸಿರಿ ಬರುವಾಗ ಹೇಳಿ ಬರುವುದಿಲ್ಲ, ಹೋಗುವಾಗಲೂ ಹೇಳಿ ಹೋಗುವುದಿಲ್ಲ ಎಂಬುದು ಅವಳ ಲೆಕ್ಕ.

ಅವಳ ಗಂಡನೂ ಹಿಂದೆ ಆಟಗಾರನೇ. ಒಂದು ಬಸ್ ಕಂಪನಿಯ ತಂಡಕ್ಕೆ ಆಡುತ್ತಿದ್ದ. ಆಗ ಆ ತಂಡದ ಬಟ್ಟೆಯನ್ನು ಅವಳು ಮನೆಯಲ್ಲೇ ಒಗೆದುಕೊಡುತ್ತಿದ್ದಳು. ಒಂದು ಸಂಜೆ ಬಂದ ಮೂಟೆ ಬಿಚ್ಚಿದಾಗ ಮೇಲೆಯೇ ಒಂದು ಕಾಲುಚೀಲ ಇತ್ತು, ಮೇಲಿಂದ ಕೆಳಗಿನ ತನಕ ಕತ್ತರಿಯಿಂದ ಸೀಳಿದ್ದು. ಗಂಡನ ಕಾಲು ಮುರಿದ ಸುದ್ದಿ ಯಾರೂ ಬಂದು ಹೇಳುವ ಮೊದಲೇ ಅವಳಿಗೆ ಮುಟ್ಟಿದ್ದು ಹಾಗೆ. ಅಂದಿನಿಂದ ಗುಡ್ಡೆಗೆ ಕೈ ಹಾಕಿದರೆ ಮೊದಲು ಕಾಲುಚೀಲಗಳನ್ನು ಎಣಿಸಿ ನೋಡುವುದು ಅವಳಿಗೆ ರೂಢಿಯಾಯಿತು. ಕಂಪನಿ ಕೊಟ್ಟ ಗೋಡೆ ಗಡಿಯಾರ ಈಗಲೂ ಅಡುಗೆಮನೆಯಲ್ಲಿ ತೂಗುತ್ತಿತ್ತು. ಅದು ಸದಾ ಹಿಂದೆ ಓಡುತ್ತಿತ್ತು.

ಒಂದು ಪಂದ್ಯದ ದಿನ ರಾತ್ರಿಯೂಟಕ್ಕೆ ಕೂತಾಗ ಅವಳ ಯಜಮಾನ ಬಾಯಿ ತೆಗೆದ.

"ಚೆಂಡು ನಿಂಗೂ ಎದುರು ತಂಡದವನಿಗೂ ಮಧ್ಯೆ ಬಿದ್ದಿತ್ತು. ಅವನು ನುಗ್ಗಿದ. ನೀನು ಒಂದು ಹೆಜ್ಜೆ ಹಿಂದೆ ಸರಿದೆ. ಟಿವಿಯವರು ಅದನ್ನೇ ತಿರುಗಿಸಿ ತಿರುಗಿಸಿ ತೋರಿಸಿದ್ರು."

"ತೋರಿಸಲಿ ಬಿಡಪ್ಪ. ಅವರಿಗೂ ಹೊಟ್ಟೆಪಾಡು."

"ಸಂಬಳ ಏರಿತು, ಓಟ ಇಳೀತು ಅಂದ್ರು."

ಸೊಸೆ ತಟ್ಟೆಗೆ ಬೇಯಿಸಿದ ಕೋಳಿಯ ತುಂಡು ಹಾಕುತ್ತಿದ್ದಳು. ಅವಳ ಸೌಟು ನಿಂತಿತು. "ಮಾವ, ಊಟ ಮಾಡ್ಲಿ ಅವ್ರು," ಎಂದಳು.

"ಮಾಡ್ಲಿ. ಯಾರು ಬೇಡ ಅಂದ್ರು? ನಮ್ಮ ಕಾಲದಲ್ಲಿ ಒಂದು ತಟ್ಟೆ ಅನ್ನ, ಬಸ್ಸಿನ ಖರ್ಚು. ಅಷ್ಟಕ್ಕೇ ಜ್ವರ ಬಂದ್ರೂ ಆಡ್ತಿದ್ವಿ. ಗೆದ್ದ ರಾತ್ರಿ ನಿದ್ದೆ ಬರ್ತಿರಲಿಲ್ಲ. ಈಗಿನವರಿಗೆ ಸೋತ ರಾತ್ರಿನೂ ಗೊರಕೆ."

"ಹಾಗೆ ಆಡಿ ನಿಂಗೇನು ಸಿಕ್ಕಿತಪ್ಪ?" ಬುಗುರಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಒಂದು ಕುಂಟುಕಾಲು. ಒಂದು ಗೋಡೆ ಗಡಿಯಾರ. ಅದೂ ಸರಿಯಾಗಿ ಓಡಲ್ಲ."

ಯಜಮಾನನ ತುತ್ತು ಕೈಯಲ್ಲೇ ಉಳಿಯಿತು. ಸೋಪಮ್ಮ ನೀರಿನ ಚೊಂಬನ್ನು ಇಬ್ಬರ ನಡುವೆ ಕುಕ್ಕಿದಳು.

"ಇಬ್ರೂ ಬಾಯಿಗೆ ಬೀಗ ಹಾಕ್ಕೊಂಡು ಉಣ್ಣಿ. ಅನ್ನದ ಮುಂದೆ ಕಾಲಿನ ಮಾತು ಬೇಡ."

ಮಾತು ನಿಂತಿತು. ಹೆದರಿಕೆ ನಿಲ್ಲಲಿಲ್ಲ. ಪಾತ್ರೆ ತೊಳೆಯುತ್ತಾ ನಿಂತವಳಿಗೆ, ಬೆಳಿಗ್ಗೆ ಮೇಷ್ಟ್ರ ಕೊಡೆ ಬಂದು ಏಳನೇ ನಂಬರಿನ ಚಡ್ಡಿಯನ್ನು ಎತ್ತಿ ಹಿಡಿಯುವುದೇ ಕಣ್ಣಿಗೆ ಕಟ್ಟಿತು.

* * *

ಹೆತ್ತವರಿಗೆ ಹೆಗ್ಗಣ ಮುದ್ದು. ಹೆಗ್ಗಣಕ್ಕೆ ಸಂಬಳವೂ ಬರುತ್ತಿದ್ದರೆ ಕೇಳಬೇಕೇ. ಬೆಳಗಾಗುವ ಮೊದಲೇ ಸೋಪಮ್ಮ ಕ್ಲಬ್ಬಿಗೆ ಹೋದಳು. ಮೈದಾನದ ಮೂಲೆಯಲ್ಲಿ ನಲ್ಲಿಯೊಂದು ಸೋರುತ್ತಿತ್ತು. ಅದರ ಅಡಿಯ ಕೆಸರನ್ನು ಒಂದು ಹಿಡಿ, ಪಕ್ಕದ ಹುಲ್ಲನ್ನು ಒಂದು ಹಿಡಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಕೋಣೆಯ ಬಾಗಿಲು ಹಾಕಿ, ಮಗನ ಚಡ್ಡಿಯನ್ನು ಕಲ್ಲಿನ ಮೇಲೆ ಹರಡಿ, ಬಲತೊಡೆಯ ಮೇಲೆ ಹುಲ್ಲು ತಿಕ್ಕಿದಳು, ಮೇಲೆ ಕೆಸರು ಬಳಿದಳು. ಆಯುಷ್ಯವೆಲ್ಲ ಕಲೆ ತೆಗೆದ ಕೈ ಅದು. ಕಲೆ ಹಚ್ಚಲು ಅದಕ್ಕೆ ಬರುತ್ತಿರಲಿಲ್ಲ; ಒರೆಸಿ ಮತ್ತೆ ಬಳಿದಳು.

ಮೇಷ್ಟ್ರು ಬಂದರು. ಕೊಡೆಯ ತುದಿಯಿಂದ ಎತ್ತಿದರು, ನೋಡಿದರು, ಇಳಿಸಿದರು. ಅವರು ಹೋದ ಮೇಲೆ ಸೋಪಮ್ಮ ಸೋಪಿನ ಪುಡಿಯ ಡಬ್ಬದ ಮೇಲೆ ಕೂತು ಉಸಿರು ಬಿಟ್ಟಳು.

ಮುಂದಿನ ಪಂದ್ಯಕ್ಕೂ ಹಾಗೆಯೇ ಮಾಡಿದಳು. ಅದರ ಮುಂದಿನದಕ್ಕೂ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತೆ, ಮನೆಯಲ್ಲಿ ಸೊಸೆ "ಅತ್ತೆ, ನಿಮ್ಮ ಸೆರಗೆಲ್ಲ ಮಣ್ಣಾಗಿದ್ಯಲ್ಲ," ಎಂದರೂ ಅವಳು ಸೆರಗು ಮುದುರಿಕೊಂಡು ಬಚ್ಚಲಿಗೆ ಹೋಗುವಳು. ತರಕಾರಿ ಅಂಗಡಿಯವನು ತಕ್ಕಡಿ ಹಿಡಿದು, "ನಿಮ್ಮ ಮಗ ಈಗ ಇಸ್ತ್ರಿ ಕೆಡದ ಹಾಗೆ ಆಡ್ತಾನಂತಲ್ಲ ಸೋಪಮ್ಮ," ಎಂದು ನಕ್ಕರೆ ಚಿಲ್ಲರೆ ತೆಗೆದುಕೊಳ್ಳುವುದನ್ನೂ ಮರೆತು ಬರುವಳು. ಬುಗುರಿಯ ಮುಂದೆ ಮಾತ್ರ ಒಂದು ಮಾತೂ ಆಡಲಿಲ್ಲ. ಅವನು ಹೊರಟಾಗ ಅದೇ "ಕಾಲು ಜೋಪಾನ", ಬಂದಾಗ ಅದೇ ಬಿಸಿನೀರು.

ಆಮೇಲೆ ತಂಡ ಪರವೂರಿಗೆ ಹೋಗಿ ಆಡಿ ಬಂತು. ಬಟ್ಟೆಯ ಚೀಲಗಳು ತಡವಾಗಿ ಬಂದವು. ಬೆಳಿಗ್ಗೆ ಅವಳು ಕೋಣೆಗೆ ಹೋಗುವಷ್ಟರಲ್ಲಿ ಹೊರಗೆ ಮೇಷ್ಟ್ರ ಕಾರು ನಿಂತಾಗಿತ್ತು. ಬೇರೆ ಚೀಲ ಬಿಚ್ಚಿ ನೋಡುವ ವ್ಯವಧಾನವಿಲ್ಲದೆ, ಏಳನೇ ನಂಬರಿನ ಚೀಲವೊಂದನ್ನೇ ಹುಡುಕಿ ಬಿಚ್ಚಿ, ಸೆರಗಿನಲ್ಲಿ ತಂದಿದ್ದ ಕೆಸರನ್ನು ಗಡಿಬಿಡಿಯಲ್ಲಿ ಚಡ್ಡಿಗೆ ಬಳಿದು ಚೀಲಗಳ ಗುಡ್ಡೆಯ ಮೇಲೆ ಹಾಕಿದಳು.

ಮೇಷ್ಟ್ರು ಅಂದು ಚಡ್ಡಿಯನ್ನು ಎತ್ತಿ ಹಿಡಿದವರು ಬೇಗ ಇಳಿಸಲಿಲ್ಲ. ಬೇರೆ ಚೀಲಗಳನ್ನೂ ತಾವೇ ಬಗ್ಗಿ ಬಿಚ್ಚಿದರು. ಎಲ್ಲ ಚಡ್ಡಿಗಳಿಂದಲೂ ಕರೀ ರಬ್ಬರಿನ ಪುಡಿ ಉದುರಿತು. ಮಣ್ಣಿನ ಒಂದು ಚುಕ್ಕೆಯೂ ಇರಲಿಲ್ಲ.

"ಸೋಪಮ್ಮ," ಎಂದರು, "ಆ ಊರಿನವರು ಈ ವರ್ಷ ಮೈದಾನಕ್ಕೆಲ್ಲ ಪ್ಲಾಸ್ಟಿಕ್ ಹುಲ್ಲು ಹಾಸಿ ರಬ್ಬರ್ ಪುಡಿ ಸುರಿದಿದ್ದಾರೆ. ಅಲ್ಲಿ ಹುಡುಕಿದರೂ ಒಂದು ಚಿಟಿಕೆ ಮಣ್ಣು ಸಿಗಲ್ಲ."

ಅವಳ ಉಗುರಿನ ಸಂದಿಯಲ್ಲಿ ಇನ್ನೂ ಕೆಸರಿತ್ತು. ಕೈಯನ್ನು ಬೆನ್ನ ಹಿಂದೆ ಹಿಡಿದಳು.

ಮೇಷ್ಟ್ರು ಬೈದಿದ್ದರೆ ವಾಸಿಯಿತ್ತು. ಅವರು ಡಬ್ಬದ ಮೇಲೆ ಕೂತರು. "ನನ್ನ ಹತ್ರ ಹೊಟ್ಟೆ ತುಂಬಿದವರು ಎಷ್ಟೋ ಜನ ಬಂದು ಹೋದ್ರು. ಇವನು ಹಾಗಲ್ಲ ಅಂದ್ಕೊಂಡಿದ್ದೆ. ಇರಲಿ. ನಾನು ಅವನಿಗೆ ಹೇಳಲ್ಲ, ನೀವೇ ಹೇಳಿ. ಬರೋ ಶನಿವಾರ ಕೊನೇ ಪಂದ್ಯ, ಇಲ್ಲೇ, ನಮ್ಮ ಮಣ್ಣಿನ ಮೇಲೆ. ಅವನನ್ನ ಇಳಿಸ್ತೀನಿ. ಮಾರನೇ ದಿನ ಈ ಗುಡ್ಡೆ ಏನು ಹೇಳುತ್ತೋ ಅದನ್ನೇ ಆಫೀಸಿಗೆ ಹೇಳ್ತೀನಿ." ಬಾಗಿಲಲ್ಲಿ ನಿಂತು ಮತ್ತೆ ಹೇಳಿದರು: "ಆ ನಲ್ಲಿ ನಾನು ರಿಪೇರಿ ಮಾಡಿಸ್ತೀನಿ."

* * *

ಎರಡು ದಿನ ಅವಳು ಮಾತನ್ನು ಬಾಯಲ್ಲಿ ಕಟ್ಟಿಕೊಂಡು ಓಡಾಡಿದಳು. ಅನ್ನ ತಳ ಹಿಡಿಯಿತು. ಮೂರನೆಯ ದಿನ ಎಲ್ಲರ ತಟ್ಟೆಗೂ ಬಡಿಸಿ, ತನ್ನ ತಟ್ಟೆ ಹಾಕಿಕೊಳ್ಳದೆ ನಿಂತೇ ಹೇಳಿಬಿಟ್ಟಳು.

ಬುಗುರಿ ಮೊದಲು ನಕ್ಕ. ಆಮೇಲೆ ಅವನ ಮುಖ ಬಿಳಿಚಿಕೊಂಡಿತು.

"ನನ್ನ ಚಡ್ಡಿಗೆ ನೀನು ಮಣ್ಣು ಹಚ್ಚಿದ್ಯಾ?"

"ಹಚ್ಚಿದೆ."

"ಮೇಷ್ಟ್ರಿಗೆ ಗೊತ್ತಾ?"

"ಗೊತ್ತು."

ಯಜಮಾನ ತಟ್ಟೆ ದೂಡಿದ. "ಮಗ ಬೀಳಲ್ಲ ಅಂತ ತಾಯಿ ಕೆಸರು ಬಳೀಬೇಕಾಯ್ತು. ಇಂಥಾ ದಿನ ನೋಡೋಕೆ ನಾನು ಬದುಕಿದ್ನಲ್ಲ. ಹೊಟ್ಟೆ ತುಂಬಿದ ಮೇಲೆ ಯಾವನು ಓಡ್ತಾನೆ ಹೇಳು."

"ಹೊಟ್ಟೆ ತುಂಬಿದ್ದಲ್ಲಪ್ಪ." ಬುಗುರಿಯ ದನಿ ಕುಗ್ಗಿತ್ತು. "ಭಯ."

ಅಡುಗೆಮನೆಯ ಗಡಿಯಾರ ತನ್ನ ಪಾಡಿಗೆ ಟಿಕ್ಕೆನ್ನುತ್ತಿತ್ತು.

"ಮೊದಲು ಏನಿತ್ತು ಕಳ್ಕೊಳ್ಳೋಕೆ? ಬರ್ತಿದ್ದ ಸಂಬಳ ಟೀ ಕಾಫಿಗೂ ಸಾಲ್ತಿರಲಿಲ್ಲ. ಕಾಲು ಮುರಿದ್ರೆ ಮುರೀತು, ಮೂಟೆ ಹೊರೋಕೆ ಹೋದ್ರಾಯ್ತು ಅಂತ ನುಗ್ತಿದ್ದೆ. ಆಗ ಚೆಂಡು ಕಾಲಿಗೆ ಬಂದ್ರೆ ಗೋಲು ಕಾಣ್ತಿತ್ತು. ಈಗ ಈ ಮನೆ ಕಾಣುತ್ತೆ. ಇವಳ ಹೊಟ್ಟೆ ಕಾಣುತ್ತೆ. ಎದುರಿಗೆ ಒಬ್ಬ ಬೂಟು ಎತ್ಕೊಂಡು ಬಂದ್ರೆ ನಿನ್ನ ಕಾಲು ಕಾಣುತ್ತಪ್ಪ. ಇದು ನನ್ನ ಕಾಲಲ್ಲ ಈಗ. ಇದರ ಮೇಲೆ ನೀವೆಲ್ಲ ಹಾಸಿಗೆ ಹಾಸ್ಕೊಂಡು ಮಲಗಿದ್ದೀರ."

"ನಾವೇನು ಕೇಳಿದ್ವಾ..." ಎಂದು ಶುರುಮಾಡಿದ ಯಜಮಾನ, ಮಾತು ಮುಗಿಸದೆ ತಾನು ಕಾಲು ಚಾಚುತ್ತಿದ್ದ ಸೋಫಾವನ್ನು ನೋಡಿದ.

ಬುಗುರಿ ತಾಯಿಯ ಕಡೆ ತಿರುಗಿದ. "ಮೊದಲು ನಾನು ಆಡೋಕೆ ಹೊರಟಾಗ ನೀನು ಬಾಗಿಲಲ್ಲಿ ನಿಂತು ಏನು ಹೇಳ್ತಿದ್ದೆ, ನೆನಪಿದ್ಯಾ?"

ಅವಳಿಗೆ ನೆನಪಿತ್ತು. 'ಬಿದ್ದು ಬಾ ಮಗ, ಒಗೆಯೋಕೆ ನಾನಿದ್ದೀನಿ' ಎನ್ನುತ್ತಿದ್ದಳು. ಹರಿದ ಚಪ್ಪಲಿಯ ಕಾಲದ ಮಾತದು. ಅದು ಯಾವಾಗ ತನ್ನ ಬಾಯಿಂದ ಉದುರಿಹೋಗಿ, ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿತೆಂದು ಅವಳಿಗೇ ತಿಳಿಯದು. ಸಂಬಳ ಏರಿದ ತಿಂಗಳೇ ಇರಬೇಕು.

"ಈಗ ಏನು ಹೇಳ್ತೀಯಮ್ಮ?"

ಸೋಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಅಂದು ಆ ಮನೆಯಲ್ಲಿ ಅನ್ನ ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಯಜಮಾನ ಹಳೆಯ ಬೂಟಿಗೆ ಪಾಲಿಷ್ ಹಾಕುತ್ತಾ ಕೂತಿದ್ದ.

"ಎಲ್ಲಿಗೆ ಸವಾರಿ?" ಎಂದಳು.

"ಗೋದಾಮಿನ ಕಡೆ. ಕಾವಲಿಗೆ ಜನ ಬೇಕಂತೆ. ಸೋಫಾ ಮೇಲೆ ಕೂತು ಕೂತು ಇರೋ ಒಂದು ಒಳ್ಳೇ ಕಾಲೂ ಜೋಮು ಹಿಡೀತಿದೆ."

ಸಂಜೆ ಅವಳು ಕೆಲಸದಿಂದ ಬಂದಾಗ ಸೊಸೆ ಮಂಚದಡಿಯಿಂದ ಹೊಲಿಗೆ ಮಷೀನನ್ನು ಹೊರಗೆಳೆದು ಧೂಳು ಒರೆಸುತ್ತಿದ್ದಳು. "ಇಂಥಾ ಹೊತ್ತಲ್ಲಿ ಇದನ್ನ ಎಳೀತಾರೇನೇ ಹುಡುಗಿ?" ಎಂದು ಸೋಪಮ್ಮ ಗದರಿದಳು. "ನಾನೆಲ್ಲಿ ಎಳೆದೆ ಅತ್ತೆ, ನಿಮ್ಮ ಮಗ ಎಳೆದುಕೊಟ್ರು," ಎಂದಳು ಸೊಸೆ. ನಗುತ್ತಿದ್ದಳು, ಕಣ್ಣು ಮಾತ್ರ ಊದಿತ್ತು. "ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಒಂದು ಮನೆ ಇದೆಯಂತೆ. ಚಿಕ್ಕದು. ಮೆಟ್ಟಿಲಿಲ್ಲ. ಕೇಳಿಟ್ಟಿರೋಣ ಅಂತ."

ಸೋಪಮ್ಮ ಬೇಡವೆನ್ನಲಿಲ್ಲ.

* * *

ಶನಿವಾರ ಮಧ್ಯಾಹ್ನ ಬುಗುರಿ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಕಂಬಿ ಹಿಡಿದೇ ಇಳಿದ. ಸೋಪಮ್ಮ ಬಾಗಿಲಿಗೆ ಬಂದಳು. ಬಾಯಿಗೆ ಬಂದದ್ದು 'ಕಾಲು ಜೋಪಾನ'ವೇ. ಅದನ್ನು ಕಷ್ಟಪಟ್ಟು ನುಂಗಿದಳು.

"ಬಿದ್ದು ಬಾ," ಎಂದಳು. "ಒಗೆಯೋಕೆ ನಾನಿದ್ದೀನಿ."

ಅವನು ಒಮ್ಮೆ ತಿರುಗಿ ನೋಡಿ ಹೋದ. ಅವನು ಬೀದಿಯ ತಿರುವು ದಾಟುವ ಮೊದಲೇ ಅವಳಿಗೆ ಆಡಿದ ಮಾತನ್ನು ಓಡಿಹೋಗಿ ಹಿಂದಕ್ಕೆ ಕಸಿದುಕೊಳ್ಳಬೇಕೆನಿಸಿತು.

ಪಂದ್ಯ ನಡೆಯುವಾಗ ಅವಳು ತನ್ನ ಕೋಣೆಯಲ್ಲೇ ಇದ್ದಳು. ತಲೆಯ ಮೇಲೆ ಗ್ಯಾಲರಿ. ಸಾವಿರಾರು ಕಾಲುಗಳ ಸದ್ದು ಚಾವಣಿಯಿಂದ ಇಳಿಯುತ್ತಿತ್ತು. ಮಷೀನು ಹಾಕಿದರೆ ಸದ್ದು ಕೇಳದು ಎಂದು ಹಾಕಲು ಹೋದಳು, ಕೇಳದಿದ್ದರೆ ಇನ್ನೂ ಹೆದರಿಕೆಯೆಂದು ಬಿಟ್ಟಳು. ಮಡಿಸಿದ್ದ ಟವೆಲುಗಳನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಜನ ಒಮ್ಮೆ ಹೋ ಎಂದರು. ಮತ್ತೊಮ್ಮೆ ಇಡೀ ಗ್ಯಾಲರಿ ಎದ್ದು ನಿಂತಂತೆ ಧಡಧಡ ಎಂದಿತು. ಆಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲ ಸದ್ದೂ ನಿಂತಿತು.

ಆ ಮೌನ ಅವಳಿಗೆ ಗೊತ್ತಿತ್ತು. ಯಾರೋ ಬಿದ್ದಿದ್ದಾರೆ, ಏಳುತ್ತಿಲ್ಲ. ಸೋಪಮ್ಮ ಟವೆಲನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಆತು ನಿಂತಳು. ಬಾಗಿಲ ತನಕ ಹೋದಳು, ಹೊರಗೆ ಕಾಲಿಡದೆ ಹಿಂದೆ ಬಂದಳು. ತಾನು ಕಳಿಸಿದ್ದು, ತಾನೇ 'ಬಿದ್ದು ಬಾ' ಎಂದು ಕಳಿಸಿದ್ದು ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಬಹಳ ಹೊತ್ತಿನ ಮೇಲೆ ಮೇಲೆ ಚಪ್ಪಾಳೆ ಕೇಳಿಸಿತು. ಎದ್ದವನಿಗೂ ಚಪ್ಪಾಳೆ ತಟ್ಟುತ್ತಾರೆ, ಹೊತ್ತುಕೊಂಡು ಹೋದವನಿಗೂ ತಟ್ಟುತ್ತಾರೆ.

ಸಂಜೆ ಕ್ಲಬ್ಬಿನ ಕೆಲಸದವನು ತಳ್ಳುಗಾಡಿಯಲ್ಲಿ ಬಟ್ಟೆ ತಂದು ಸುರಿದ. ಅವನನ್ನು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಅವನು ಹೋದ ಮೇಲೆ ಗುಡ್ಡೆಯ ಮುಂದೆ ಮೊಣಕಾಲೂರಿ ಕೂತು ಕಾಲುಚೀಲ ಹುಡುಕಿದಳು. ಏಳನೇ ನಂಬರಿನ ಎಡಗಾಲಿನದು ಸಿಕ್ಕಿತು. ಇಡಿಯಾಗಿತ್ತು. ಬಲಗಾಲಿನದು ಸಿಗಲಿಲ್ಲ. ಗುಡ್ಡೆಯನ್ನು ಮೇಲೆ ಕೆಳಗೆ ಮಾಡಿದಳು, ಜರ್ಸಿಗಳನ್ನು ಒದರಿದಳು, ತಳ್ಳುಗಾಡಿಯ ಅಡಿ ಬಗ್ಗಿ ನೋಡಿದಳು. ಇಲ್ಲ. ಕತ್ತರಿ ಹಾಕಿ ಬಿಸಾಡಿರಬೇಕು. ಈಗಿನವರು ಬಿಸಾಡುತ್ತಾರೆ, ಒಗೆಯಲು ಕಳಿಸುವುದಿಲ್ಲ.

"ಇದನ್ನ ಹುಡುಕ್ತಿದ್ದೀಯಾ?"

ಬುಗುರಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಬಲಗಾಲಿಗೆ ಮೊಣಕಾಲಿನಿಂದ ಪಾದದ ತನಕ ಬಿಳಿ ಪಟ್ಟಿ. ಕೈಯಲ್ಲಿ ರಕ್ತ ಮೆತ್ತಿದ ಕಾಲುಚೀಲ. ಕತ್ತರಿ ತಾಗಿರಲಿಲ್ಲ.

"ಮೂಳೆಗೇನೂ ಆಗಿಲ್ಲ. ಹೊಲಿಗೆ ಹಾಕಿದ್ದಾರೆ," ಎಂದ. "ಡಾಕ್ಟರು ಕತ್ತರಿ ತಗೊಂಡ್ರು. ಬೇಡಿ ಸಾರ್, ನಾನೇ ಬಿಚ್ಚಿಕೊಡ್ತೀನಿ, ಕತ್ತರಿಸಿದ್ದು ನೋಡಿದ್ರೆ ನಮ್ಮಮ್ಮ ಹೆದರ್ತಾಳೆ ಅಂದೆ. ಬಿಚ್ಚೋವಾಗ ಪ್ರಾಣ ಹೋಯ್ತು."

ಸೋಪಮ್ಮ ಕೂತಲ್ಲೇ ಅತ್ತಳು. ಅಳುತ್ತಲೇ ಗುಡ್ಡೆಯಿಂದ ಅವನ ಚಡ್ಡಿಯನ್ನು ಎಳೆದಳು. ಸೊಂಟದಿಂದ ಅಂಚಿನ ತನಕ ಎರಡು ಕಡೆಯೂ ಕೆಸರು, ಹುಲ್ಲು, ಸುಣ್ಣದ ಗೆರೆ. ಅಷ್ಟು ಕೆಸರನ್ನು ಅಷ್ಟು ಚೆನ್ನಾಗಿ ಹಚ್ಚಲು ಅವಳಿಂದ ಸಾಧ್ಯವೇ ಇರಲಿಲ್ಲ.

"ಇದು ನಾನೇ ಹಚ್ಕೊಂಡಿದ್ದು," ಎಂದ ಅವನು.

"ಗೆದ್ರಾ?"

"ಸೋತ್ವಿ."

"ಮೇಷ್ಟ್ರು?"

"ಏನೂ ಹೇಳ್ಲಿಲ್ಲ. ಬೆಳಿಗ್ಗೆ ಬರ್ತಾರಲ್ಲ."

ಅವಳು ಚಡ್ಡಿಯನ್ನು ಮಡಿಸದೆ, ಒದರದೆ, ಒಂದು ಚೂರು ಮಣ್ಣೂ ಉದುರದ ಹಾಗೆ ಎರಡು ಕೈಯಲ್ಲಿ ಎತ್ತಿ ಗುಡ್ಡೆಯ ಮೇಲಿಟ್ಟಳು. ಅದನ್ನು ಬೆಳಗಿನ ತನಕ ಮುಟ್ಟುವಂತಿಲ್ಲ. ರಕ್ತದ ಕಲೆಯನ್ನು ಮಾತ್ರ ಬೆಳಗಿನ ತನಕ ಬಿಟ್ಟರೆ ಹೋಗದು. ಬಕೆಟ್ಟಿಗೆ ತಣ್ಣೀರು ಬಿಟ್ಟು ಕಾಲುಚೀಲ ಮುಳುಗಿಸಿದಳು. ನೀರು ಕೆಂಪಾಯಿತು. ಅದನ್ನು ಚೆಲ್ಲಿ ಬೇರೆ ನೀರು ಬಿಟ್ಟಳು.

ಅವನು ಡಬ್ಬದ ಮೇಲೆ ಕೂತು ನೋಡುತ್ತಿದ್ದ. "ಮುಂದಿನ ಸಲವೂ ಹೀಗೇ ಹೆದರ್ತೀಯಾ?" ಎಂದ.

"ಹೆದರ್ತೀನಿ," ಎಂದಳು ಸೋಪಮ್ಮ. "ಅದು ನನ್ನ ಪಾಡು, ನಾನು ನೋಡ್ಕೋತೀನಿ. ನೀನು ಆಡು."